ಗೆರೆ ಕ್ಯಾಮೆರಾದ ಸಾಕ್ಷಿ

ಸೋಮವಾರ ಬೆಳಗ್ಗೆ ಏವ್ರಿಲ್ ಪ್ಯಾಸ್ಕೋಳ ಅಡುಗೆಮನೆಯಲ್ಲಿ ಕ್ಲೆಮ್ ಹ್ಯಾಡೋ ಎರಡನೆಯ ಟೋಸ್ಟಿಗೆ ಬೆಣ್ಣೆ ಸವರುತ್ತಾ ಕೂತಿದ್ದ. ಅಷ್ಟರಲ್ಲಿ ಮರ್ವ್ ಸ್ಟ್ಯಾನರ್ಡ್ ಬಾಗಿಲು ಕೂಡ ತಟ್ಟದೆ ಒಳಗೆ ಬಂದ. ಟೋಪಿ ತೆಗೆಯುವುದನ್ನೂ ಮರೆತು ಮೇಜಿನ ಮುಂದೆ ನಿಂತುಬಿಟ್ಟ.

"ಏವ್ರಿಲ್, ಗಾರ್ತ್‌ನ ಕನ್ನಡಿ ನಾನು ಒಡೀಲಿಲ್ಲ. ಬುಧವಾರ ಕ್ವೀನ್ಸ್‌ಲ್ಯಾಂಡಿಗೆ ಹೋಗ್ತಿದ್ದೀನಿ, ತಂಗಿ ಮನೆಗೆ. ಇನ್ನು ಈ ಊರಲ್ಲಿ ಇರೋಕಾಗಲ್ಲ. ಹೋಗೋದ್ರೊಳಗೆ ಯಾರಾದ್ರೂ ಒಬ್ಬರು 'ಇವನಲ್ಲ' ಅಂತ ಹೇಳ್ಬಿಡ್ಲಿ. ಅಷ್ಟೇ ನಂಗೆ ಬೇಕಾಗಿರೋದು."

"ಮೊದಲು ಕೂತ್ಕೋ. ಆ ಕೈ ಕೊಡಿಲ್ಲಿ," ಎಂದಳು ಏವ್ರಿಲ್.

ಅವನ ಬಲಗೈಗೆ ಬೆರಳಿನಿಂದ ಮೊಣಕೈವರೆಗೆ ಬ್ಯಾಂಡೇಜು ಸುತ್ತಿತ್ತು. ಶುಕ್ರವಾರ ಮೀನಿನ ಗಾಳ ಚುಚ್ಚಿ ಚರ್ಮ ಸೀಳಿಕೊಂಡು ಬಂದಿದ್ದಾಗ ಅದನ್ನು ಸುತ್ತಿದ್ದವಳು ಏವ್ರಿಲ್ಲೇ. ಈಗ ಅದು ಕೊಳೆಯಾಗಿತ್ತು. ಆಕೆ ಬಿಚ್ಚಿ, ತೊಳೆದು, ಹೊಸದು ಸುತ್ತುತ್ತಾ ಅವನ ಮಾತು ಕೇಳಿದಳು.

ಏವ್ರಿಲ್ ಹಿಂದೆ ವಿಮಾ ಕಂಪನಿಯೊಂದಕ್ಕೆ ನಷ್ಟದ ತನಿಖೆ ಮಾಡುತ್ತಿದ್ದವಳು. ಸುಟ್ಟ ಕೊಟ್ಟಿಗೆ, ಮುಳುಗಿದ ದೋಣಿ, ಕಳೆದುಹೋದ ಉಂಗುರ ಅಂತ ಸುಳ್ಳು ಹೇಳುವವರ ಮುಖ ನೋಡಿಯೇ ತಲೆ ಬೆಳ್ಳಗಾಗಿತ್ತು. ಆ ಪುಟ್ಟ ಊರು ಡನ್‌ಮೋರ್ ಕೊಲ್ಲಿಗೆ ಪೊಲೀಸಿನವನು ಬರುತ್ತಿದ್ದದ್ದು ವಾರಕ್ಕೆ ಎರಡು ದಿನ, ಏವ್ರಿಲ್ ಮಾತ್ರ ಯಾವಾಗಲೂ ಊರಲ್ಲೇ ಇರುತ್ತಿದ್ದಳು. ಹಾಗಾಗಿ ಜನ ಮೊದಲು ಅವಳ ಅಡುಗೆಮನೆಗೆ ಬರುತ್ತಿದ್ದರು. ಕ್ಲೆಮ್ ಹಾಲಿನ ಟ್ಯಾಂಕರ್ ಓಡಿಸಿ ನಿವೃತ್ತನಾದವನು. ಅವಳ ಕಾರು ಓಡಿಸುವುದು, ಅವಳ ಟೋಸ್ಟು ತಿನ್ನುವುದು, ಅವಳು ಯೋಚಿಸುವಾಗ ಬಾಯಿ ಮುಚ್ಚಿಕೊಂಡಿರುವುದು ಅವನ ಕೆಲಸ. ಮೂರನೆಯದು ಅವನಿಗೆ ಅಷ್ಟಾಗಿ ಒಗ್ಗಿರಲಿಲ್ಲ.

ಕನ್ನಡಿಯ ಕತೆ ಊರಿಗೆಲ್ಲ ಗೊತ್ತಿತ್ತು. ಅದು ಮುಖ ನೋಡಿಕೊಳ್ಳುವ ಕನ್ನಡಿಯಲ್ಲ, ದೂರದರ್ಶಕದ ಹೊಟ್ಟೆಯಲ್ಲಿ ಕೂರುವಂಥದ್ದು. ದೊಡ್ಡ ತಟ್ಟೆಯಷ್ಟು ಅಗಲದ ದಪ್ಪ ಗಾಜು. ಗಾರ್ತ್ ಬ್ರಿಂಬಲ್ ಮತ್ತು ಮರ್ವ್ ಅದನ್ನು ಪೀಪಾಯಿಯ ಮೇಲಿಟ್ಟು, ಇನ್ನೊಂದು ಗಾಜಿನಿಂದ ಉಜ್ಜುತ್ತಾ, ಉಜ್ಜಿದ್ದು ಒಂದೇ ಸಮ ಬರಲೆಂದು ಪೀಪಾಯಿಯ ಸುತ್ತ ನಡೆಯುತ್ತಾ ನಾಲ್ಕು ಚಳಿಗಾಲ ಕಳೆದಿದ್ದರು. ಗಾಣದ ಎತ್ತುಗಳು ಅಂತ ಊರು ನಗುತ್ತಿತ್ತು. ನಕ್ಕವರೇ ಹೋಗಿ ಬಾಗಿಲಲ್ಲಿ ನಿಂತು ನೋಡಿಕೊಂಡೂ ಬರುತ್ತಿದ್ದರು.

ಕನ್ನಡಿ ಮುಗಿಯುತ್ತಾ ಬಂದಾಗ ಜಗಳ ಹುಟ್ಟಿತು. ಗಾರ್ತ್ ಜಲವಿದ್ಯುತ್ ಕೇಂದ್ರದಲ್ಲಿ ಎಂಜಿನಿಯರಾಗಿದ್ದವನು. ಮನೆಯಲ್ಲಿ ಕೋಳಿಗೂಡಿನ ಬಾಗಿಲಿಂದ ಚಹಾದ ಕೆಟಲ್‌ವರೆಗೆ ಎಲ್ಲವೂ ತಾನಾಗಿ ನಡೆಯಬೇಕು ಅವನಿಗೆ. ಟೆಲಿಸ್ಕೋಪಿಗೂ ಮೋಟಾರು ಹಾಕಿ, ಕಣ್ಣಿಡುವ ಜಾಗಕ್ಕೆ ಕ್ಯಾಮೆರಾ ಕೂರಿಸಿ, ಮನೆಯೊಳಗೆ ಪರದೆಯ ಮೇಲೆ ನೋಡೋಣ ಎಂದ.

"ನಾಲ್ಕು ಚಳಿಗಾಲ ಸವೆಸಿದ್ದು ಟೀವಿ ನೋಡೋಕಾ?" ಎಂದು ಮರ್ವ್ ಕೇಳಿದ್ದ. ಆಮೇಲೆ ಬಾರಿನಲ್ಲಿ ಎರಡನೆಯ ಗ್ಲಾಸಿನ ಹೊತ್ತಿಗೆ, "ಅದಕ್ಕೆ ಕ್ಯಾಮೆರಾ ತಗಲಿಸೋದಕ್ಕಿಂತ ಒಡೆದೇ ಹೋಗ್ಲಿ," ಎಂದೂ ಅಂದಿದ್ದ. ಹತ್ತು ಜನ ಕೇಳಿಸಿಕೊಂಡಿದ್ದರು. ಅದಾಗಿ ಹದಿನೈದು ದಿನಕ್ಕೆ, ಭಾನುವಾರ, ಕನ್ನಡಿ ಒಡೆದು ಬಿದ್ದಿತ್ತು.

"ಬಾಯಿ ಬಿಟ್ಟು ಬಣ್ಣಗೇಡಾದೆ," ಎಂದ ಮರ್ವ್. "ನಿನ್ನೆ ನಾನು ದೋಣೀಲಿ ಬಂದು ಜೆಟ್ಟಿಗೆ ಕಟ್ಟಿ, ಗಾರ್ತ್‌ನ ಶೆಡ್ಡಿನ ಪಕ್ಕದ ಓಣಿ ಹತ್ತಿ ರಸ್ತೆಗೆ ಹೋದೆ. ಅಗ್ನಿಶಾಮಕ ಠಾಣೆ ಹತ್ರ ಚಂದಾಕ್ಕೆ ಅಂತ ಸಾಸೇಜು ಸುಟ್ಟು ಮಾರ್ತಿದ್ರಲ್ಲ, ಅಲ್ಲಿಗೆ. ದೂರದಿಂದ್ಲೇ ನೋಡಿದೆ, ಗಾರ್ತ್ ನಿಂತು ಈರುಳ್ಳಿ ಹುರೀತಿದ್ದ. ಮುಖ ಕೊಟ್ಟು ಮಾತಾಡೋಕೆ ಮನಸ್ಸಾಗ್ಲಿಲ್ಲ. ಗುಡ್ಡದ ಕಡೆ ಒಬ್ಬನೇ ಸುತ್ತಾಡಿ, ಆ ಕಡೆಯಿಂದ್ಲೇ ಇಳಿದು ದೋಣಿಗೆ ಹೋದೆ."

"ಶೆಡ್ಡಿನ ಒಳಗೆ ಹೋಗ್ಲಿಲ್ವಾ?"

"ಇಲ್ಲ. ಆದ್ರೆ ಗಾರ್ತ್ ಹತ್ರ ಚಿತ್ರ ಇದೆ. ನಾನು ರಸ್ತೆ ಕಡೆಯಿಂದ ಶೆಡ್ಡಿಗೆ ಇಳೀತಿರೋ ಚಿತ್ರ. ನಾನೂ ನೋಡಿದೆ. ನಾನೇ ಅದು, ಮುಖ ಶೆಡ್ಡಿನ ಕಡೆಗೇ ಇದೆ. ಹತ್ತಿ ಹೋದವನು ಇಳಿಯೋ ಥರ ಹೆಂಗೆ ಕಂಡೆ? ನಂಗೆ ತಲೆ ಕೆಟ್ಟಿದೆಯಾ ಅನ್ನಿಸ್ತಿದೆ ಏವ್ರಿಲ್." ಹೇಳುತ್ತಾ ಅವನ ಕಣ್ಣು ತುಂಬಿಬಂತು. ಕ್ಲೆಮ್ ತನ್ನ ಟೋಸ್ಟನ್ನು ಅವನ ಕಡೆ ತಳ್ಳಿದ. ಅವನು ಅದನ್ನು ನೋಡಲೂ ಇಲ್ಲ.

ಗಾರ್ತ್‌ನ ಶೆಡ್ಡು ಓಣಿಯ ಕೆಳತುದಿಯಲ್ಲಿತ್ತು. ಮೇಲೆ ರಸ್ತೆ, ಕೆಳಗೆ ಜೆಟ್ಟಿ ಮತ್ತು ದಡದುದ್ದಕ್ಕೂ ಹೋಗುವ ಸೈಕಲ್ ದಾರಿ. ಶೆಡ್ಡಿಗೆ ಬೀಗ ಹಾಕುವ ಪದ್ಧತಿಯೇ ಇರಲಿಲ್ಲ. ಒಳಗೆ ಗಾರ್ತ್ ಸ್ಟೂಲಿನ ಮೇಲೆ ಕೂತಿದ್ದ. ಅವನ ಮುಂದೆ ನೆಲದ ಮೇಲೆ ಕನ್ನಡಿಯ ಚೂರುಗಳನ್ನು ಬಟ್ಟೆ ಹಾಸಿ ಜೋಡಿಸಿಟ್ಟಿದ್ದ.

"ಜೋಡ್ಸಿ ಏನು ಉಪಯೋಗ ಅಂತ ಕೇಳ್ಬೇಡ ಕ್ಲೆಮ್," ಎಂದ. "ಗುಡಿಸಿ ಎಸೆಯೋಕೆ ಕೈ ಬರ್ಲಿಲ್ಲ."

"ಯಾವಾಗ ಬಿತ್ತು ಅಂತ ಗೊತ್ತಾ?" ಏವ್ರಿಲ್ ಕೇಳಿದಳು.

"ನಿಖರವಾಗಿ. ಗಾಜಿನ ಬಿಸಿ ಅಳೆಯೋಕೆ ಅದರ ಬೆನ್ನಿಗೆ ಒಂದು ವೈರು ಅಂಟಿಸಿದ್ದೆ, ಬೆಂಚಿನ ಹಿಂದಿನ ಡಬ್ಬಿ ಅದನ್ನ ಬರೆದಿಡುತ್ತೆ. ಹನ್ನೊಂದು ಗಂಟೆಗೆ ವೈರು ಕಿತ್ತುಹೋಗಿದೆ. ಆಗ್ಲೇ ಬಿದ್ದಿದ್ದು."

ಪಕ್ಕದ ಮನೆಯ ಥೆಲ್ಮಾ ಡಫೀಲ್ಡ್ ಬೇಲಿಯ ಮೇಲಿಂದ ತಲೆ ಹಾಕಿದಳು. "ನಾನೂ ಕೇಳಿಸ್ಕೊಂಡೆ ಆ ಸದ್ದು! ಮತ್ತೆ ಇವನ ನೀರಿನ ಪಿಚಕಾರಿ ಇರಬೇಕು ಅಂತ ಬಟ್ಟೆ ಎತ್ಕೊಂಡು ಒಳಗೆ ಓಡಿದೆ. ತೋಟಕ್ಕೆ ತಾನಾಗಿ ನೀರು ಹಾಕೋ ಯಂತ್ರವಂತೆ! ಮೂರು ಸಲ ನನಗೆ ಸ್ನಾನ ಮಾಡಿಸಿದೆ. ಒಡೆಯೋದಾಗಿದ್ರೆ ನಾನು ಅದನ್ನ ಒಡೀತಿದ್ದೆ, ಕನ್ನಡಿಯಲ್ಲ."

"ಅದಕ್ಕೇ ಅಲ್ವೇನಮ್ಮ ಶನಿವಾರ ಸಂಜೆ ಓಣಿಗೆ ಕ್ಯಾಮೆರಾ ಕಟ್ಟಿದ್ದು," ಎಂದ ಗಾರ್ತ್. "ಯಾರಾದ್ರೂ ದಾಟಿದ್ರೆ ನೀರು ನಿಲ್ಲಲಿ ಅಂತ. ಅವತ್ತೇ ಮೊದಲು ಕಟ್ಟಿದ್ದು."

ಅವನು ಪರದೆಯ ಮೇಲೆ ಚಿತ್ರ ತೆಗೆದ. ಉದ್ದನೆಯ ಪಟ್ಟಿಯಂಥ ಚಿತ್ರ. ಬೇಲಿ, ಗಿಡ ಯಾವುದೂ ಇಲ್ಲ, ಬರೀ ಅಡ್ಡಡ್ಡ ಪಟ್ಟೆಗಳು. ನಡುವೆ ಎಡಕ್ಕೆ ಮುಖ ಮಾಡಿ ನಡೆಯುತ್ತಿದ್ದ ಮರ್ವ್.

"ಇದೆಂಥ ಫೋಟೋನಯ್ಯಾ?" ಎಂದ ಕ್ಲೆಮ್.

"ಫೋಟೋ ಅಲ್ಲ ಕಣೋ. ಹಳೇ ಸ್ಕ್ಯಾನರ್ ಬಿಚ್ಚಿ ನಾನೇ ಮಾಡಿದ್ದು. ಬೇರೆ ಕ್ಯಾಮೆರಾ ಇಡೀ ಓಣಿ ನೋಡುತ್ತೆ. ಇದು ಒಂದೇ ಒಂದು ಗೆರೆ ನೋಡುತ್ತೆ, ನೆಟ್ಟಗೆ ನಿಂತ ಗೆರೆ, ಕೂದಲಿನಷ್ಟು. ಅದನ್ನೇ ಮತ್ತೆ ಮತ್ತೆ ನೋಡಿ, ಒಂದರ ಪಕ್ಕ ಒಂದು ಅಂಟಿಸ್ತಾ ಹೋಗುತ್ತೆ. ಮೊದಲು ಕಂಡದ್ದು ಎಡಕ್ಕೆ, ಆಮೇಲೆ ಕಂಡದ್ದು ಬಲಕ್ಕೆ. ಯಾರಾದ್ರೂ ಗೆರೆ ದಾಟಿದ್ರೆ ಚೂರು ಚೂರಾಗಿ ಸೇರಿ ಚಿತ್ರ ಆಗ್ತಾರೆ. ಸೈಕಲ್ ಕ್ಲಬ್ಬಿನ ಓಟಕ್ಕೆ ಮಾಡಿದ್ದು ಇದು. ಯಾರ ಚಕ್ರ ಮೊದಲು ಗೆರೆ ಮುಟ್ಟಿತು ಅಂತ ಜಗಳವೇ ಇಲ್ಲ ನೋಡು."

"ಕ್ಯಾಮೆರಾ ಕಡೆಯಿಂದ ನೋಡಿದ್ರೆ ಶೆಡ್ಡು ಯಾವ ಕಡೆ?" ಎಂದಳು ಏವ್ರಿಲ್.

"ಎಡಕ್ಕೆ. ರಸ್ತೆ ಬಲಕ್ಕೆ. ಮರ್ವ್ ಹನ್ನೊಂದಕ್ಕೆ ಸ್ವಲ್ಪ ಮುಂಚೆ ಶೆಡ್ಡಿನ ಕಡೆ ಇಳೀತಿದ್ದಾನೆ. ಅದಾದ ಮೇಲೆ ಕನ್ನಡಿ ಬಿತ್ತು. ಆಮೇಲೆ ಸ್ವಲ್ಪ ಹೊತ್ತಿಗೆ ರೆಕ್ಸ್ ಪೀಕ್ ಇಳಿದಿದ್ದಾನೆ, ಸೈಕಲ್ ತಳ್ಕೊಂಡು. ಅವನು ಬರೋ ಹೊತ್ತಿಗೆ ಒಡೆದು ಆಗಿತ್ತು. ಮತ್ಯಾರೂ ಇಲ್ಲ."

ರೆಕ್ಸ್‌ನ ಚಿತ್ರ ಇನ್ನೂ ಚೆನ್ನಾಗಿ ಬಂದಿತ್ತು. ಅವನೂ ಎಡಕ್ಕೇ ಮುಖ ಮಾಡಿದ್ದ. ಸೈಕಲ್ಲಿನ ಹಲ್ಲುಚಕ್ರ, ಚೈನಿನ ಕೊಂಡಿಗಳು ಕೂಡ ಕಾಣುತ್ತಿದ್ದವು. ಮರ್ವ್‌ನ ಚಿತ್ರದಲ್ಲಿ ನೋಡುವವರ ಕಡೆಗಿದ್ದ ತೋಳಿನ ಮೇಲೆ ಬಿಳಿ ಬ್ಯಾಂಡೇಜು ಢಾಳಾಗಿತ್ತು. ಏವ್ರಿಲ್ ಎರಡನ್ನೂ ಬಹಳ ಹೊತ್ತು ನೋಡಿದಳು.

"ಮರ್ವ್ ಜೆಟ್ಟೀಲಿ ದೋಣಿ ಕಟ್ಟಿದ್ನಲ್ಲ ಗಾರ್ತ್. ಅಲ್ಲಿಂದ ನಿನ್ನ ಹಿಂಬಾಗಿಲು ಕೂಗಳತೆ. ಒಡೆಯೋಕೆ ಬಂದವನು ಗುಡ್ಡ ಬಳಸಿ ರಸ್ತೆಗೆ ಹೋಗಿ ಮತ್ತೆ ಯಾಕೆ ಇಳಿದು ಬರ್ತಾನೆ?"

"ಯಾರೂ ನೋಡ್ಬಾರ್ದು ಅಂತ ಇರಬಹುದು. ನಂಗೇನು ಗೊತ್ತು? ಕಣ್ಣಿಗೆ ಕಾಣ್ತಿದೆ. ಯಂತ್ರ ಸುಳ್ಳು ಹೇಳಲ್ಲ ಏವ್ರಿಲ್, ಅದಕ್ಕೆ ಬಾರೂ ಗೊತ್ತಿಲ್ಲ, ಸ್ನೇಹವೂ ಗೊತ್ತಿಲ್ಲ."

"ಬೇರೆ ಏನಾದ್ರೂ ಹೋಗಿದೆಯಾ ಶೆಡ್ಡಿಂದ?"

"ಏನಿಲ್ಲ. ಶನಿವಾರದ ಓಟದ ಚಿತ್ರ ಈ ಕಂಪ್ಯೂಟರಿನಲ್ಲಿ ಇಟ್ಟಿದ್ದೆ, ಇನ್ನೂ ನೋಡಿರ್ಲಿಲ್ಲ, ಅದು ಕಾಣ್ತಿಲ್ಲ. ನನ್ನ ಪ್ರೋಗ್ರಾಮೇ ನುಂಗಿರಬೇಕು. ಓಣಿಯದು ಮಾತ್ರ ಕಂಬದ ಮೇಲಿನ ಡಬ್ಬೀಲೇ ಇರುತ್ತೆ, ಅದಕ್ಕೇ ಉಳೀತು." ಕನ್ನಡಿ ಹೋದವನಿಗೆ ಫೈಲು ಹೋದದ್ದು ಯಾವ ಲೆಕ್ಕ. ಅವನು ಮತ್ತೆ ಚೂರುಗಳ ಕಡೆ ತಿರುಗಿದ.

ಸೈಕಲ್ ಕ್ಲಬ್ಬಿನ ಅಧ್ಯಕ್ಷ ರೆಕ್ಸ್ ಪೀಕ್ ಕ್ಲಬ್ಬಿನ ಕೋಣೆಯಲ್ಲೇ ಸಿಕ್ಕ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಬಲಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತು ಚೈನಿಗೆ ಎಣ್ಣೆ ಬಿಡುತ್ತಿದ್ದ. ಕಪಾಟಿನಲ್ಲಿ ಹಿರಿಯರ ಓಟದ ಬೆಳ್ಳಿ ಬಟ್ಟಲು ಹೊಳೆಯುತ್ತಿತ್ತು. ಶನಿವಾರ ಅವನೇ ಗೆದ್ದದ್ದು. ಗೋಡೆಯ ತುಂಬ ಗಾರ್ತ್‌ನ ಕ್ಯಾಮೆರಾ ತೆಗೆದ ಹಳೆಯ ಓಟಗಳ ಚಿತ್ರಗಳಿದ್ದವು. ಎಲ್ಲ ಸವಾರರೂ ಎಡಕ್ಕೆ ಬಾಗಿ ಧಾವಿಸುತ್ತಿದ್ದರು.

"ಬನ್ನಿ ಏವ್ರಿಲ್ ಮೇಡಂ, ಕೂತ್ಕೊಳ್ಳಿ. ಗಾರ್ತ್‌ನ ಕನ್ನಡಿ ವಿಷಯ ತಾನೇ? ಪಾಪ, ಹೊಟ್ಟೆ ಉರಿಯುತ್ತೆ. ನಾನು ಅವನನ್ನ ಹುಡುಕ್ಕೊಂಡು ಓಣಿ ಇಳಿದಿದ್ದೆ. ಯಾರೂ ಕಾಣ್ಲಿಲ್ಲ, ಒಳಗೂ ಹೋಗ್ಲಿಲ್ಲ, ಹಾಗೇ ದಡದ ದಾರೀಲಿ ಮನೆಗೆ ಹೋದೆ."

"ಇದನ್ನ ಗಾರ್ತ್‌ಗೆ ಯಾವಾಗ ಹೇಳಿದ್ರಿ?"

"ಅವನು ಚಿತ್ರ ತೋರಿಸಿದಾಗ. ಹೌದು ನಾನೇ ಅಂದೆ. ಅಂದ ಹಾಗೆ ಶನಿವಾರದ ಚಿತ್ರ ಹಾಳಾಯ್ತಂತಲ್ಲ? ಹೋಗ್ಲಿ ಬಿಡಿ, ತೀರ್ಪುಗಾರರ ಕಣ್ಣಿದೆಯಲ್ಲ."

ಏವ್ರಿಲ್ ಗೋಡೆಯ ಒಂದೊಂದು ಚಿತ್ರದ ಮುಂದೂ ನಿಂತಳು. ರೆಕ್ಸ್ ಎಣ್ಣೆಯ ಡಬ್ಬಿ ಹಿಡಿದುಕೊಂಡೇ ಅವಳ ಹಿಂದೆ ಹಿಂದೆ ಬಂದ. ಆಮೇಲೆ ಆಕೆ ಕಾರಿಗೆ ಬಂದು ಕೂತಳು.

"ಕ್ಲೆಮ್, ಇವತ್ತು ನಾನು ಮರ್ವ್‌ನ ಯಾವ ಕೈಗೆ ಬ್ಯಾಂಡೇಜು ಸುತ್ತಿದೆ?"

"ಬಲಗೈಗೆ. ಅದಕ್ಕೇನೀಗ?"

"ಎಡಕ್ಕೆ ಮುಖ ಮಾಡಿ ನಡೆಯೋನ ಯಾವ ತೋಳು ನಮಗೆ ಕಾಣುತ್ತೆ, ಯೋಚ್ನೆ ಮಾಡು," ಎಂದಳು. ಕ್ಲೆಮ್ ನಡುರಸ್ತೆಯಲ್ಲೇ ಕಾರು ನಿಲ್ಲಿಸಿ, ಸ್ಟೀರಿಂಗ್ ಮೇಲಿನ ಕೈ ತೆಗೆದು ಎಡಕ್ಕೂ ಬಲಕ್ಕೂ ತಿರುಗಿ ತನ್ನ ತೋಳುಗಳನ್ನೇ ನೋಡಿಕೊಂಡ. ಹಿಂದಿನ ಕಾರಿನವನು ಹಾರ್ನ್ ಹೊಡೆದ.

ಮಂಗಳವಾರ ಮಧ್ಯಾಹ್ನ ಏವ್ರಿಲ್ ಎಲ್ಲರನ್ನೂ ಓಣಿಗೆ ಕರೆಸಿದಳು. ಗಾರ್ತ್ ಪರದೆಯನ್ನು ಹೊರಗೆ ತಂದು ಸ್ಟೂಲಿನ ಮೇಲಿಟ್ಟಿದ್ದ. ಮರ್ವ್ ಬೇಲಿಗೆ ಒರಗಿ ದೂರ ನಿಂತಿದ್ದ. ಗಾರ್ತ್ ಅವನ ಕಡೆ ತಿರುಗಿಯೂ ನೋಡಲಿಲ್ಲ. ರೆಕ್ಸ್ ಸೈಕಲ್ ಹಿಡಿದು ಬಂದಿದ್ದ. ಥೆಲ್ಮಾ ಒಂದು ತಟ್ಟೆ ಲ್ಯಾಮಿಂಗ್ಟನ್ ಕೇಕು ತಂದಿದ್ದಳು, ಛತ್ರಿಯನ್ನೂ ತಂದಿದ್ದಳು.

"ಗಾರ್ತ್, ರಸ್ತೆಯಿಂದ ಶೆಡ್ಡಿಗೆ ಒಂದು ಸಲ ನಡೆದು ಬಾ," ಎಂದಳು ಏವ್ರಿಲ್. ಅವನು ನಡೆದು ಬಂದ. "ಈಗ ಶೆಡ್ಡಿಂದ ರಸ್ತೆಗೆ ಹೋಗು." ಅವನು ಗೊಣಗುತ್ತಾ ಹತ್ತಿ ಹೋಗಿ, ಬೇಲಿಯ ಆಚೆಯಿಂದ ಸುತ್ತಿ ಬಂದ.

"ಈಗ ಚಿತ್ರ ತೆಗಿ."

ಪರದೆಯ ಮೇಲೆ ಇಬ್ಬರು ಗಾರ್ತ್‌ಗಳು ಬಂದರು, ಒಬ್ಬನ ಹಿಂದೆ ಒಬ್ಬ. ಇಬ್ಬರೂ ಎಡಕ್ಕೇ ಮುಖ ಮಾಡಿದ್ದರು.

ಗಾರ್ತ್ ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋದ. "ನಾನು ಆ ಕಡೆ ಹೋದೆನಲ್ಲ... ಬಲಕ್ಕೆ ಹೋದೆ ನಾನು!"

"ನೀನೇ ಹೇಳಿದ್ಯಲ್ಲ, ಮೊದಲು ಕಂಡದ್ದು ಎಡಕ್ಕೆ ಅಂಟುತ್ತೆ ಅಂತ," ಎಂದಳು ಏವ್ರಿಲ್. "ಮನುಷ್ಯ ಯಾವ ಕಡೆಗೇ ನಡೀಲಿ, ಗೆರೆಗೆ ಮೊದಲು ಬರೋದು ಅವನ ಮೂಗು, ಕೊನೆಗೆ ಬೆನ್ನು. ಹಾಗಾಗಿ ಮೂಗು ಯಾವಾಗ್ಲೂ ಎಡಕ್ಕೇ ಬೀಳುತ್ತೆ. ನಿನ್ನ ಕ್ಯಾಮೆರಾಕ್ಕೆ ಯಾರು ದಾಟಿದ್ರು, ಯಾವಾಗ ದಾಟಿದ್ರು ಅನ್ನೋದು ಗೊತ್ತು. ಯಾವ ಕಡೆಗೆ ಅನ್ನೋದು ಗೊತ್ತೇ ಇಲ್ಲ."

"ಓಟದಲ್ಲಿ ಎಲ್ಲರೂ ಒಂದೇ ಕಡೆಗೆ ತಾನೇ ಓಡೋದು," ಎಂದ ಗಾರ್ತ್ ತನಗೆ ತಾನೇ. "ಯಾರೂ ವಾಪಸು ಬರಲ್ಲ. ಆ ಪ್ರಶ್ನೆ ಬರ್ಲೇ ಇಲ್ಲ ನಂಗೆ."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಎಡಕ್ಕೆ ನಡೆಯೋನ ಎಡತೋಳು ಕ್ಯಾಮೆರಾಕ್ಕೆ ಕಾಣುತ್ತೆ. ಮರ್ವ್‌ನ ಚಿತ್ರದಲ್ಲಿ ಕಾಣೋದು ಬ್ಯಾಂಡೇಜಿನ ತೋಳು, ಅಂದ್ರೆ ಬಲತೋಳು. ಬಲತೋಳು ಕಾಣಬೇಕಾದ್ರೆ ಅವನು ಬಲಕ್ಕೆ, ರಸ್ತೆ ಕಡೆಗೆ ಹೋಗ್ತಿರಬೇಕು. ಮೊದಲಿಂದ ಅವನು ಹೇಳಿದ್ದೂ ಅದೇ. ಕನ್ನಡಿ ಬೀಳೋಕೆ ಮುಂಚೆ ಅವನು ಓಣಿಯಿಂದ ಆಚೆ ಹೋಗಿದ್ದ."

ಮರ್ವ್ ಬೇಲಿಯ ಗೂಟವನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಇನ್ನು ನೀವು ರೆಕ್ಸ್. ಸೈಕಲ್ಲಿನ ಚೈನು ಯಾವ ಮಗ್ಗುಲಲ್ಲಿರುತ್ತೆ?"

"ಬಲಕ್ಕೆ," ಎಂದ ರೆಕ್ಸ್. ಹೇಳಿದ ಮೇಲೆ ಅವನ ಕೈ ತಾನಾಗಿಯೇ ತನ್ನ ಸೈಕಲ್ಲಿನ ಚೈನನ್ನು ಮುಚ್ಚಲು ಹೋಯಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಅಂದುಕೊಂಡ ಕ್ಲೆಮ್.

"ಕ್ಲಬ್ಬಿನ ಗೋಡೆ ಮೇಲೆ ಅಷ್ಟೊಂದು ಸೈಕಲ್ಲಿದೆ, ಎಲ್ಲವೂ ನಿಜವಾಗಿ ಎಡಕ್ಕೇ ಓಡಿದ್ದು. ಒಂದರಲ್ಲೂ ಚೈನು ಪೂರ್ತಿ ಕಾಣಲ್ಲ, ಆ ಕಡೆ ಮರೆಯಾಗಿರುತ್ತೆ. ನಿಮ್ಮ ಭಾನುವಾರದ ಚಿತ್ರದಲ್ಲಿ ಕೊಂಡಿ ಎಣಿಸಬಹುದು. ನೀವು ಇಳೀತಿರ್ಲಿಲ್ಲ. ಹತ್ತುತ್ತಿದ್ರಿ. ಕನ್ನಡಿ ಬಿದ್ದ ಮೇಲೆ, ಶೆಡ್ಡಿನ ಕಡೆಯಿಂದ. ದಡದ ದಾರೀಲಿ ಬಂದ್ರಿ, ಅದಕ್ಕೇ ಬಂದದ್ದು ಕ್ಯಾಮೆರಾಕ್ಕೆ ಸಿಗ್ಲಿಲ್ಲ. ಗಾರ್ತ್ ಚಿತ್ರ ತೋರಿಸಿದಾಗ ಮುಖ ಶೆಡ್ಡಿನ ಕಡೆ ಇದ್ದದ್ದು ನೋಡಿ, ಇದೇ ಅದೃಷ್ಟ ಅಂತ ಇಳಿದ ಕತೆ ಕಟ್ಟಿದ್ರಿ. ಅಲ್ಲೀವರೆಗೆ ಓಣಿಗೆ ಬಂದಿದ್ದೆ ಅಂತ ಯಾರಿಗೂ ಹೇಳಿರ್ಲಿಲ್ಲ."

"ನಾನು ಯಾಕಮ್ಮ ಕನ್ನಡಿ ಒಡೀಲಿ? ನನಗೂ ಕನ್ನಡಿಗೂ ಏನು ಸಂಬಂಧ?"

"ಏನೂ ಇಲ್ಲ. ನೀವು ಬಂದದ್ದು ಶನಿವಾರದ ಓಟದ ಚಿತ್ರಕ್ಕೆ. ಗಾರ್ತ್ ಇನ್ನೂ ನೋಡಿರ್ಲಿಲ್ಲ. ಶೆಡ್ಡಿಂದ ಹೋದದ್ದು ಅದೊಂದೇ. ಅದು ಹೋಗಿ ಯಾರಿಗೆ ಲಾಭ ಅಂತ ನೋಡಿದ್ರೆ, ಬಟ್ಟಲು ಇರೋ ಕಪಾಟಿಗೇ ಹೋಗಬೇಕಾಗುತ್ತೆ."

ರೆಕ್ಸ್ ಸೈಕಲ್ಲಿನ ಬ್ರೇಕು ಒತ್ತುತ್ತಾ ಬಿಡುತ್ತಾ ನಿಂತ.

"ಬೆರಳಿನಷ್ಟರಲ್ಲಿ ಸೋತಿದ್ದೆ," ಎಂದ ಕೊನೆಗೆ. "ಸವಾರಿ ಮಾಡ್ತಿದ್ದೋನಿಗೆ ಗೊತ್ತಾಗಲ್ವಾ? ತೀರ್ಪುಗಾರರು ನನ್ನ ಹೆಸರು ಕೂಗಿಬಿಟ್ರು. ಎಷ್ಟು ವರ್ಷದಿಂದ ಕಾದಿದ್ದೆ ಅದಕ್ಕೆ... ಚಿತ್ರ ಅಳಿಸಿದೆ. ಇನ್ನೊಂದು ಪ್ರತಿ ಇರಬಹುದು ಅನ್ನಿಸಿ ಬೆಂಚಿನ ಹಿಂದೆ ಕೈ ಹಾಕಿ ಅಲ್ಲಿದ್ದ ಡಬ್ಬಿಯ ವೈರು ಎಳೆದೆ. ಅದು ಕನ್ನಡಿಯ ವೈರು. ಸ್ಟ್ಯಾಂಡೇ ಮಗುಚಿಬಿತ್ತು. ದಡದಲ್ಲಿ ಮಕ್ಕಳ ದೋಣಿ ಓಟಕ್ಕೆ ಜನ ಸೇರಿದ್ರು, ಅದಕ್ಕೇ ಓಣಿ ಹತ್ತಿ ಓಡಿದೆ. ಬೇಕು ಅಂತ ಮಾಡ್ಲಿಲ್ಲ ಗಾರ್ತ್, ದೇವರಾಣೆ."

"ಕನ್ನಡಿ ಬೇಕಂತ ಒಡೀಲಿಲ್ಲ, ಒಪ್ಪಿದೆ," ಎಂದಳು ಏವ್ರಿಲ್. "ಎರಡು ದಿನ ಊರೆಲ್ಲ ಮರ್ವ್‌ಗೆ ಉಗೀತಿದ್ದಾಗ ಬೇಕಂತಲೇ ಸುಮ್ಮನಿದ್ರಿ."

"ಥೂ ನಿನ್ನ!" ಎಂದಳು ಥೆಲ್ಮಾ. ರೆಕ್ಸ್ ಕೈ ಚಾಚಿದ್ದ ಕೇಕಿನ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. ಅವನು ಸೈಕಲ್ ತಳ್ಳಿಕೊಂಡು ರಸ್ತೆಯ ಕಡೆ ಹೊರಟುಹೋದ. ಹೋಗುತ್ತಾ, ಬಟ್ಟಲನ್ನು ಸಂಜೆಯೊಳಗೆ ವಾಪಸು ಕೊಡುತ್ತೇನೆ ಅಂತ ಯಾರೂ ಕೇಳದೆಯೇ ಹೇಳಿದ.

ಗಾರ್ತ್ ಬೇಲಿಯ ಹತ್ತಿರ ಹೋದ. "ಮರ್ವ್, ನಾನು... ಚಿತ್ರ ನೋಡಿ..."

"ಚಿತ್ರ ನೋಡಿದೆ ನೀನು," ಎಂದ ಮರ್ವ್. "ಮೇಲಕ್ಕೆ ಹೋಗ್ತಿದ್ದೆ ಕಣೋ ಅಂತ ನಿನ್ನ ಎದುರು ನಿಂತು ಹೇಳಿದೆ. ನನ್ನ ಮುಖ ನೋಡ್ಲಿಲ್ಲ. ಅದರಲ್ಲಿರೋ ನನ್ನ ಮುಖಾನೇ ನೋಡ್ತಾ ಕೂತಿದ್ದೆ." ಮರ್ವ್ ಏವ್ರಿಲ್‌ಳ ಕೈ ಹಿಡಿದು ಒಮ್ಮೆ ಅಲ್ಲಾಡಿಸಿ ಜೆಟ್ಟಿಯ ಕಡೆ ಇಳಿದುಹೋದ.

ಅವನು ಬುಧವಾರ ಹೊರಟೇ ಹೊರಟ. ತಪ್ಪಿತಸ್ಥ ಸಿಕ್ಕಿದ ಮೇಲೆ ಹೋಗುವುದಿಲ್ಲ ಅಂತ ಕ್ಲೆಮ್ ಪಂತ ಕಟ್ಟಿದ್ದ. ಸೋತು ಏವ್ರಿಲ್‌ಗೆ ಒಂದು ಸ್ಕ್ಯಾಲಪ್ ಚಿಪ್ಪುಮೀನಿನ ಪೈ ಕೊಡಿಸಬೇಕಾಯಿತು. ವಿಮಾನ ನಿಲ್ದಾಣಕ್ಕೆ ಮರ್ವ್‌ನನ್ನು ಬಿಟ್ಟುಬಂದವನು ಗಾರ್ತ್. ಸಂಜೆ ನೇರ ಏವ್ರಿಲ್‌ಳ ಅಡುಗೆಮನೆಗೇ ಬಂದು ಕೂತ.

"ದಾರಿಯುದ್ದಕ್ಕೂ ಒಂದು ಮಾತಾಡ್ಲಿಲ್ಲ," ಎಂದ. "ತಪ್ಪಾಯ್ತು ಅಂದೆ, ಕಿಟಕಿ ಕಡೆ ತಿರುಗ್ಕೊಂಡ. ಒಳಗೆ ಹೋಗೋ ಬಾಗಿಲ ಹತ್ರ ನಿಂತು, ಹೊಸ ಗಾಜು ತರಿಸಿಡು ಅಂದ. ಬರ್ತೀಯಾ? ಯಾವ ತಾರೀಕಿಗೆ? ಅಂತ ಕೇಳಿಬಿಟ್ಟೆ ಏವ್ರಿಲ್. ನನ್ನ ಹಾಳು ಬುದ್ಧಿ ನೋಡು."

"ಏನಂದ?"

"ಬಂದಾಗ ಬರ್ತೀನಿ, ಕಾಯ್ತಿರು ಅಂದ."

ಅಷ್ಟು ಹೇಳಿ ಗಾರ್ತ್ ಬ್ರಿಂಬಲ್ ಮೇಜಿನ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತ. ಏವ್ರಿಲ್ ಅಳಬೇಡ ಅನ್ನಲಿಲ್ಲ. ಕ್ಲೆಮ್ ಆ ದಿನ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು ಕೂತಿದ್ದ.